ತಂತಿಯ ಮೇಲೆ ಆರನೇ ಬಟ್ಟೆ

ಶನಿವಾರ ಬೆಳಗ್ಗೆ ಏಳೂವರೆ. ಮೊದಲ ಲೋಟ ಕಾಫಿ ಇನ್ನೂ ಗಂಟಲಿಗಿಳಿದಿರಲಿಲ್ಲ, ಆಗಲೇ ಯಾರೋ ದಡದಡನೆ ಮಹಡಿ ಮೆಟ್ಟಿಲು ಹತ್ತಿ ಬಂದರು. ನಾದಿನಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದಳು. ಕೆಳಗಿನ ಗಿಟಾರ್ ಮೇಸ್ತ್ರಿಯ ಮಗಳು ಪುಟ್ಟಿ ನಿಂತಿದ್ದಳು. ಹೆಸರಿಗಷ್ಟೇ ಪುಟ್ಟಿ, ವಯಸ್ಸು ಮೂವತ್ತೆರಡು. ಒಬ್ಬಳೇ ಮರದ ಹಲಗೆ ಹೊತ್ತು ಅಂಗಳ ದಾಟುವ ಹೆಂಗಸು. ಈಗ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು. ಬೆರಳುಗಳಿಗೆಲ್ಲ ಜಿಡ್ಡು ಮೆತ್ತಿತ್ತು.

"ದೊಡ್ಡಮ್ಮ ಎದ್ದಿದಾರಾ, ಚಿಕ್ಕಮ್ಮ?"

"ಎದ್ದಿದಾರೆ, ಪೇಪರ್ ಓದ್ತಿದಾರೆ. ಏನಾಯ್ತೇ? ಮುಖ ಯಾಕೆ ಹಾಗಿದೆ?"

"ಗಿಟಾರ್ ಕೆಟ್ಟುಹೋಯ್ತು," ಎಂದಳು ಪುಟ್ಟಿ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

ಅತ್ತಿಗೆ ಪೇಪರ್ ಮಡಿಸಿಟ್ಟು ಎದ್ದು ಬಂದರು. ಇವರ ವಿಷಯ ಒಂದು ಮಾತು ಹೇಳಿಬಿಡಬೇಕು. ಅತ್ತಿಗೆ ಮೂವತ್ತು ವರ್ಷ ರೈಲ್ವೆಯ ಕಳೆದ ಸಾಮಾನಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಿಳಾಸ ಹರಿದುಹೋದ ಗಂಟನ್ನು ನೋಡಿ, ಕಟ್ಟಿದ ಹಗ್ಗ ನೋಡಿ, ಬಟ್ಟೆಯ ಮಡಿಕೆ ನೋಡಿ, ಇದು ದರ್ಜಿ ಕಟ್ಟಿದ್ದು, ಇದು ಮೀನು ಮಾರುವವಳು ಕಟ್ಟಿದ್ದು ಎಂದು ಹೇಳುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಗಂಡನ ತಂಗಿಯಾದ ಈ ನಾದಿನಿಯನ್ನೂ ಜೊತೆಗಿಟ್ಟುಕೊಂಡು ಈ ಮಹಡಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಬೀದಿಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಪೊಲೀಸರ ಹತ್ತಿರ ಹೋಗುವ ಮೊದಲು ಈ ಮೆಟ್ಟಿಲು ಹತ್ತುತ್ತಿದ್ದರು. ನಾದಿನಿಗೆ ಅದರಲ್ಲಿ ಬಲು ಹೆಮ್ಮೆ. ಕಾಫಿ ಆರಿಹೋಗುತ್ತದಲ್ಲ ಎಂಬ ಸಿಟ್ಟೂ ಅಷ್ಟೇ.

"ಮೊದಲಿಂದ ಹೇಳು," ಎಂದರು ಅತ್ತಿಗೆ.

ಪುಟ್ಟಿ ಹೇಳಿದಳು. ಏಳು ತಿಂಗಳು ಅಪ್ಪ ಮಗಳು ಸೇರಿ ಮಾಡಿದ ಗಿಟಾರ್ ಅದು. ಮರ ಕೊಯ್ದು, ಬಾಗಿಸಿ, ಡಬ್ಬಿ ಕೂಡಿಸಿದ್ದು ಅಪ್ಪ. ಮರಕ್ಕೆ ಎಣ್ಣೆ ಹಚ್ಚುವ ಕೆಲಸವನ್ನು ಮಾತ್ರ ಇದೇ ಮೊದಲ ಸಲ ಪೂರ್ತಿ ಮಗಳಿಗೆ ಬಿಟ್ಟಿದ್ದ. ವಾರ್ನಿಷ್ ಇಲ್ಲ, ಬಣ್ಣ ಇಲ್ಲ, ಬರೀ ಅಗಸೆ ಎಣ್ಣೆ. ವಾರಕ್ಕೊಂದು ತೆಳುವಾದ ಕೈ, ಅಂದರೆ ಒಂದು ಲೇಪ, ಒಟ್ಟು ಐದು ಕೈ. ಐದನೆಯದನ್ನು ಕಳೆದ ಶನಿವಾರ ಹಚ್ಚಿದ್ದಳು. ಬುಧವಾರ ಕೈಯ ಹಿಂಭಾಗ ತಾಗಿಸಿ ನೋಡಿದಾಗ ಹಿಂದೆ ಮುಂದೆ ಎಲ್ಲ ಒಣಗಿ ಗಟ್ಟಿಯಾಗಿತ್ತು. ಈವತ್ತು ಬೆಳಗ್ಗೆ ತಂತಿ ಕಟ್ಟೋಣ ಎಂದು ಇಳಿಸಲು ಹೋದರೆ, ಮುಂಭಾಗವೆಲ್ಲ ಜಿಡ್ಡು ಜಿಡ್ಡು.

"ಕೊಳ್ಳೋರು ನಾಳೆ ಐದು ಗಂಟೆಗೆ ಬರ್ತಾರೆ. ಅದು ಹೋಗಲಿ ದೊಡ್ಡಮ್ಮ. ಈ ಗಿಟಾರ್ ಚೆನ್ನಾಗಿ ಬಂದ್ರೆ ಕಾರ್ಖಾನೆ ನಿನ್ನ ಕೈಗೆ ಅಂತ ಅಪ್ಪ ಹೇಳಿದ್ರು. ಈಗ, ನಿನ್ನ ಕೈಯಲ್ಲಿ ಆಗಲ್ಲ, ನಾಳೆನೇ ಬೀಗದಕೈ ನಿಮ್ಮ ಸೋದರಮಾವನಿಗೆ ಕೊಟ್ಟುಬಿಡ್ತೀನಿ ಅಂತಿದಾರೆ. ಮಾವ ಅಲ್ಲಿ ಫ್ಯಾಕ್ಟರಿ ಗಿಟಾರ್ ತಂದು ಮಾರೋ ಅಂಗಡಿ ಇಡ್ತಾರೆ. ನಾನು ಗಲ್ಲಾದ ಮೇಲೆ ಕೂತ್ಕೋಬೇಕಂತೆ." ಪುಟ್ಟಿ ತನ್ನ ಜಿಡ್ಡಿನ ಕೈಗಳನ್ನು ನೋಡಿಕೊಂಡಳು. "ನಾನು ತಪ್ಪು ಮಾಡಿಲ್ಲ ದೊಡ್ಡಮ್ಮ. ಆದ್ರೆ ಎಲ್ಲೋ ಮಾಡಿದೀನೇನೋ ಅಂತ ನನಗೇ ಅನುಮಾನ ಬರೋಕೆ ಶುರುವಾಗಿದೆ. ಅದನ್ನ ತಡ್ಕೊಳಕ್ಕೆ ಆಗ್ತಿಲ್ಲ."

"ಕೈ ತೊಳಕೊಂಡು ಕಾಫಿ ಕುಡಿ. ಆಮೇಲೆ ಕೆಳಗೆ ಹೋಗೋಣ," ಎಂದರು ಅತ್ತಿಗೆ. ಕೊಟ್ಟದ್ದು ನಾದಿನಿಯ ಪಾಲಿನ ಎರಡನೇ ಲೋಟ.

ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಕೋಣೆ. ಎಡಕ್ಕೆ ಮೇಸ್ತ್ರಿಯ ಮೇಜು, ಬಲಕ್ಕೆ ಅರದಣ್ಣನ ಮೇಜು. ಅರದಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಕೆಲಸಗಾರ. ಗಿಟಾರಿನ ಕತ್ತಿನ ಮೇಲೆ ಕೂಡಿಸುವ ಲೋಹದ ಕಡ್ಡಿಗಳನ್ನು ಅರದಿಂದ ಉಜ್ಜಿ ನಯ ಮಾಡುವುದೇ ಅವನ ಕಸುಬು, ಹಾಗಾಗಿ ಆ ಹೆಸರು. ಕೊನೆಯಲ್ಲಿ ಕಿಟಕಿ, ಕಿಟಕಿಯ ಪಕ್ಕದ ಕೊಕ್ಕೆಯಲ್ಲಿ ಗೋಡೆಗೆ ಬೆನ್ನು ಮಾಡಿ ತೂಗುತ್ತಿದ್ದ ಗಿಟಾರ್.

ನಾದಿನಿಗೆ ಸಂಗೀತದ ಗಂಧಗಾಳಿ ಇಲ್ಲ. ಆದರೂ ಅದನ್ನು ಕಂಡು ಅವಳು ಸುಮ್ಮನೆ ನಿಂತುಬಿಟ್ಟಳು. ಬದಿಯ ಮರದ ಗೆರೆಗಳು ಒಂದೊಂದೂ ಒಳಗಿನಿಂದ ಬೆಳಕು ಬಿಟ್ಟ ಹಾಗೆ ಎದ್ದು ಕಾಣುತ್ತಿದ್ದವು. ಮರ ಮರದ ಹಾಗೇ ಇತ್ತು, ಆದರೆ ಇಷ್ಟು ಮರವಾಗಿರುವ ಮರವನ್ನು ಅವಳು ನೋಡಿರಲಿಲ್ಲ. ಮುಂಭಾಗದಲ್ಲಿ ಮಾತ್ರ ಮಂಕು ಕವಿದಿತ್ತು. ಧೂಳು ಕೂತು, ಬೆರಳಿಟ್ಟಲ್ಲೆಲ್ಲ ಗುರುತು ಮೂಡಿತ್ತು.

ಮೇಸ್ತ್ರಿ ತನ್ನ ಮೇಜಿನ ಮುಂದೆ ಕೂತು ಯಾರದೋ ಹಳೇ ಪೆಟ್ಟಿಗೆಗೆ ಅರಗಿನ ಪಾಲಿಶ್ ಹಾಕುತ್ತಿದ್ದ. ಹತ್ತಿಯ ಉಂಡೆಯ ಮೇಲೆ ಬಟ್ಟೆ ಹೊದಿಸಿ, ಅಂಚುಗಳನ್ನು ಮೇಲಕ್ಕೆತ್ತಿ ತಿರುಚಿ, ಪುಟ್ಟ ಗಂಟಿನ ಹಾಗೆ ಹಿಡಿದು ಸುತ್ತು ಸುತ್ತು ತಿರುಗಿಸುತ್ತಿದ್ದ. ಎಪ್ಪತ್ತು ದಾಟಿದ ಕೈ, ಒಂದಿಷ್ಟೂ ನಡುಗುತ್ತಿರಲಿಲ್ಲ. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ಬನ್ನಿ ಅಮ್ಮ. ನನ್ನ ಮಗಳು ನಿಮ್ಮ ತನಕ ತಂದ್ಲಾ ದೂರು? ಇದರಲ್ಲಿ ಕಳ್ಳರೂ ಇಲ್ಲ, ಕಾಕರೂ ಇಲ್ಲ. ಎಣ್ಣೆ ದಪ್ಪ ಹಚ್ಚಿದಾಳೆ. ಮರ ಕುಡಿಯೋಷ್ಟು ಕುಡಿದು ಉಳಿದಿದ್ದನ್ನ ಹೊರಗೆ ಬಿಟ್ಟಿದೆ. ನಾವು ಎಣ್ಣೆ ಬೆವರೋದು ಅಂತೀವಿ. ಅವಸರದ ಕೈ, ಇನ್ನೇನು."

"ಉಗುರಿನಷ್ಟು ಎಣ್ಣೆ ಹಾಕಿ ಅರ್ಧ ಗಂಟೆ ಒರೆಸಿದೀನಿ ಅಪ್ಪ, ಪ್ರತಿ ಸಲನೂ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಪುಟ್ಟಿಯ ಮುಖ ಕೆಂಪಾಯಿತು. ಅತ್ತಿಗೆ ನಡುವೆ ಬಾಯಿ ಹಾಕಿದರು. "ಮೇಸ್ತ್ರಿಗಳೇ, ಬುಧವಾರದಿಂದ ಈಚೆಗೆ ಅದನ್ನ ಯಾರಾದ್ರೂ ಮುಟ್ಟಿದ್ರಾ?"

"ಅವಳನ್ನ ಬಿಟ್ಟು ಯಾರೂ ಮುಟ್ಟಿಲ್ಲ."

ಅದೇ ಹೊತ್ತಿಗೆ ನಾದಿನಿ ಮೂಗಿಗೆ ಸೆರಗು ಒತ್ತಿಕೊಂಡಳು. ಅದೇನು ನಾತ, ಚರ್ಮ ಸುಟ್ಟ ಹಾಗೆ. ಪುಟ್ಟಿ ಕೆಮ್ಮಿದಳು. ಅರದಣ್ಣ ತನ್ನ ಮೇಜಿನಿಂದ ಎದ್ದು ಓಡಿ ಬಂದು, ಮೇಸ್ತ್ರಿಯ ಮೊಣಕೈ ಪಕ್ಕದಲ್ಲೇ ಇದ್ದ ಸಣ್ಣ ಒಲೆ ಆರಿಸಿದ. ಅದರ ಮೇಲಿದ್ದ ಅಂಟಿನ ಪಾತ್ರೆ ತಳ ಹಿಡಿದು ಕಪ್ಪಗಾಗಿತ್ತು. ಮೇಸ್ತ್ರಿ, ಎಣ್ಣೆ ಯಾಕೆ ಬೆವರುತ್ತದೆ ಎಂಬುದನ್ನು ಇನ್ನೂ ವಿವರಿಸುತ್ತಲೇ ಇದ್ದ.

"ಅಂಟು ಸೀದುಹೋಯ್ತು ಮೇಸ್ತ್ರಿ," ಎಂದ ಅರದಣ್ಣ.

"ಮಾತಿನ ಭರದಲ್ಲಿ ನೋಡಲಿಲ್ಲ," ಎಂದ ಮೇಸ್ತ್ರಿ ಗಡುಸಾಗಿ, ಪೆಟ್ಟಿಗೆ ಉಜ್ಜುವುದನ್ನು ಮುಂದುವರಿಸಿದ.

ಅತ್ತಿಗೆ ಗಿಟಾರನ್ನು ಕೊಕ್ಕೆಯಿಂದ ಇಳಿಸಿ ತಿರುಗಿಸಿದರು. ಬೆನ್ನಿನ ಮೇಲೆ ಅಂಗೈ ಇಟ್ಟರು. ನಾದಿನಿಗೂ ಮುಟ್ಟಲು ಹೇಳಿದರು. ಅಲ್ಲಿ ಒಂದಿಷ್ಟೂ ಜಿಡ್ಡಿಲ್ಲ. ನುಣ್ಣಗೆ, ಬೆಚ್ಚಗೆ, ಮುಟ್ಟಿದರೆ ಕೈ ತೆಗೆಯಲು ಮನಸ್ಸು ಬಾರದ ಹಾಗೆ ಇತ್ತು. "ನೀನೇನಾ ಇದನ್ನ ಮಾಡಿದ್ದು?" ಎಂದು ಕೇಳಿದಳು ನಾದಿನಿ. ಪುಟ್ಟಿ ಹೌದೆಂದು ತಲೆಯಾಡಿಸಿದಳು. ಮೇಸ್ತ್ರಿಯ ಕೈ ಒಂದು ಗಳಿಗೆ ನಿಂತು ಮತ್ತೆ ಸುತ್ತತೊಡಗಿತು.

ಮುಂದಿನದು ಎಣ್ಣೆಯ ಕಪಾಟು. ಸಾಲಾಗಿ ಕಂದು ಬಣ್ಣದ ಔಷಧಿ ಬಾಟಲಿಗಳು. ಬೆಳಕು ಬಿದ್ದರೆ ಎಣ್ಣೆ ಕೆಡುತ್ತದೆ, ಅದಕ್ಕೇ ಎಲ್ಲವೂ ಕಂದು ಎಂದಳು ಪುಟ್ಟಿ. ಒಂದೊಂದರ ಮೇಲೂ ಅಂಟಿಸಿದ ಚೀಟಿ, ಅದರಲ್ಲಿ ಅವಳ ಇರುವೆ ಸಾಲಿನಂಥ ಅಕ್ಷರ.

"ಈ ಚೀಟಿ ನೀವು ಹೇಗೆ ಓದ್ತೀರಿ ಮೇಸ್ತ್ರಿಗಳೇ, ಕನ್ನಡಕ ಹಾಕಿದ್ದು ನಾನು ಕಾಣೆ?" ಎಂದು ಕೇಳಿದರು ಅತ್ತಿಗೆ.

"ಎಣ್ಣೆಗೆ ಓದು ಯಾಕಮ್ಮ? ಮೂಗು ಸಾಕು. ಐವತ್ತು ವರ್ಷದ ಮೂಗು."

ಅರದಣ್ಣ ಸಂಕೋಚದಿಂದ ಹತ್ತಿರ ಬಂದ. "ಅಮ್ಮ, ಒಂದು ಮಾತು. ನನ್ನದೂ ಒಂದು ಬಾಟಲಿ ಇದೆ. ಗಿಟಾರಿನ ಕತ್ತಿನ ಮೇಲೆ ಬೆರಳಾಡೋ ಪಟ್ಟಿ ಇದೆಯಲ್ಲ, ಅದಕ್ಕೆ ಸವರೋ ಎಣ್ಣೆ. ಅದು ಒಣಗೋ ಜಾತಿ ಅಲ್ಲ, ಮೆಷಿನ್ ಎಣ್ಣೆ ಥರ. ಗುರುವಾರ ನನ್ನ ಮೇಜಿನ ಕಾಲು ರಿಪೇರಿ ಇತ್ತು, ಸಾಮಾನೆಲ್ಲ ಎತ್ತಿಡುವಾಗ ಬಾಟಲಿನ ಈ ಕಪಾಟಲ್ಲಿ ಇಟ್ಟಿದ್ದೆ. ಶುಕ್ರವಾರ ವಾಪಸ್ ತಗೊಂಡೆ." ಅವನ ದನಿ ಇಳಿಯಿತು. "ನಾನು ಗಿಟಾರ್ ಮುಟ್ಟಿಲ್ಲ. ಗುರುವಾರ ಮಧ್ಯಾಹ್ನ ಹಲ್ಲು ಕೀಳಿಸೋಕೆ ಹೋಗಿದ್ದೆ." ಬಾಯಿ ತೆರೆದು ಖಾಲಿ ಜಾಗ ತೋರಿಸಿದ. ನಾದಿನಿ ಬೇಡ ಬೇಡ ಎಂದು ಮುಖ ತಿರುಗಿಸಿದಳು.

ಗುರುವಾರ ಮಧ್ಯಾಹ್ನ ಪುಟ್ಟಿಯೂ ಗಿಟಾರಿಗೆ ತಂತಿ ತರಲು ಪೇಟೆಗೆ ಹೋಗಿದ್ದಳು. ಮೇಸ್ತ್ರಿ ಮನೆಯಲ್ಲಿ ಮಲಗಿದ್ದೆ ಎಂದ.

ಅಷ್ಟರಲ್ಲಿ ಸೋದರಮಾವ ಬಂದ. ಪುಟ್ಟಿಯ ತೀರಿಕೊಂಡ ತಾಯಿಯ ತಮ್ಮ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಳತೆ ಟೇಪು. ಅಂಗಡಿ ಇನ್ನೂ ಕೈಗೆ ಬಂದಿಲ್ಲ, ಗಾಜಿನ ಬೀರುವಿಗೆ ಗೋಡೆ ಅಳೆಯಲು ಬಂದಿದ್ದಾನೆ ಎಂದು ನಾದಿನಿಗೆ ಮೈಯೆಲ್ಲ ಉರಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

"ಏನ್ ಭಾವ, ಇನ್ನೂ ಇದೇ ಗೋಳಾ?" ಎನ್ನುತ್ತಾ ಅವನು ಗಿಟಾರಿನ ಮುಖದ ಮೇಲೆ ಬೆರಳೆಳೆದ. ಬೆರಳಿಗೆ ಜಿಡ್ಡು ಹತ್ತಿತು. ಕರ್ಚೀಫು ತೆಗೆದು ಒರೆಸಲು ಹೋಗಿ, ಕಪಾಟಿನ ಮೇಲಿದ್ದ ಅಗಸೆ ಎಣ್ಣೆಯ ಬಟ್ಟಲಿಗೆ ಮೊಣಕೈ ತಾಗಿಸಿದ. ಎಣ್ಣೆ ಚೆಲ್ಲಿತು. ಅದನ್ನೂ ಅದೇ ಕರ್ಚೀಫಿನಿಂದ ಒರೆಸಿ, ಮುದ್ದೆ ಮಾಡಿ, ಮರದ ಹೊಟ್ಟು ತುಂಬಿದ್ದ ಬುಟ್ಟಿಗೆ ಎಸೆದ.

ಅರದಣ್ಣನೂ ಪುಟ್ಟಿಯೂ ಮೇಸ್ತ್ರಿಯೂ ಒಟ್ಟಿಗೇ ಎದ್ದರು. ಮೊದಲು ತಲುಪಿದವನು ಅರದಣ್ಣ. ಕರ್ಚೀಫು ತೆಗೆದು ನೀರಿನ ಬಕೆಟ್ಟಿಗೆ ಅದ್ದಿದ.

"ಮನೆ ಸುಡಬೇಕು ಅಂತ ಇದೀಯಾ?" ಮೇಸ್ತ್ರಿ ಗುಡುಗಿದ. "ಅಗಸೆ ಎಣ್ಣೆ ಬಟ್ಟೆ ಮುದ್ದೆಯಾಗಿ ಬಿದ್ದಿದ್ರೆ ತಾನಾಗೇ ಕಾಯತ್ತೆ, ತಾನಾಗೇ ಹೊತ್ಕೊಳತ್ತೆ. ನಮ್ಮ ಗುರುಗಳ ಕಾರ್ಖಾನೆ ಹಾಗೇ ಬೂದಿಯಾಗಿದ್ದು. ಇಲ್ಲಿ ಬಟ್ಟೆ ಹರಡಿ ತಂತಿಗೆ ಹಾಕಬೇಕು. ಎಷ್ಟು ಸಲ ಹೇಳೋದು ನಿನಗೆ?"

"ನನಗೇನು ಗೊತ್ತು ಭಾವ, ನಾನು ವ್ಯಾಪಾರದೋನು," ಎಂದ ಸೋದರಮಾವ ಅಂಗಿಯ ತೋಳು ನೋಡಿಕೊಳ್ಳುತ್ತಾ. "ನಿಮ್ಮ ಕಾರ್ಖಾನೆಗೆ ಬರೋದೇ ಒಂದು ಕಷ್ಟ. ಗುರುವಾರ ನಾಲ್ಕು ಗಂಟೆಗೆ ಬಂದೆ, ಒಳಗಿಂದ ಚಿಲಕ. ಬಡಿದು ಬಡಿದು ಕೈ ನೋವು ಬಂತು. ಯಾರೂ ತೆಗೀಲಿಲ್ಲ."

"ಒಳಗಿಂದ ಚಿಲಕವೋ, ಹೊರಗಿಂದ ಬೀಗವೋ?" ಎಂದು ಅತ್ತಿಗೆ ಕೇಳಿದರು.

"ಬೀಗ ಇರಲಿಲ್ಲಮ್ಮ. ಒಳಗಿಂದನೇ."

ಹೊರಗೆ ಬಂದದ್ದೇ ನಾದಿನಿ ತಡೆದುಕೊಂಡಿದ್ದೆಲ್ಲ ಆಡಿದಳು. "ಅವನೇ ಅತ್ತಿಗೆ, ಆ ಮಾವನೇ. ಗಿಟಾರ್ ಕೆಟ್ರೆ ಲಾಭ ಯಾರಿಗೆ? ಅಂಗಡಿ ಯಾರ ಕೈಗೆ ಹೋಗತ್ತೆ? ಚಿಕ್ಕ ಮಗುಗೂ ಗೊತ್ತಾಗೋ ವಿಷಯ."

"ಚಿಕ್ಕ ಮಗುಗೆ ಗೊತ್ತಾಗೋದು ಸಾಲದು ಕಣೇ, ನಮಗೆ ಗೊತ್ತಾಗಬೇಕು. ಬಟ್ಟೆ ಒಣಗಿ ಹಾಕೋ ತಂತಿ ಎಲ್ಲಿದೆ, ತೋರಿಸು."

ಆ ತಂತಿಯ ವಿಷಯ ಎತ್ತಿದರೆ ನಾದಿನಿಗೆ ಹೇಳಲು ಬೇಕಾದಷ್ಟಿತ್ತು. ಹಿತ್ತಲಲ್ಲಿ ಇರುವುದು ಒಂದೇ ತಂತಿ. ಅರ್ಧ ಕಾರ್ಖಾನೆಯದು, ಅರ್ಧ ಮಹಡಿಯವರದು. "ನೋಡಿ ನಿಮ್ಮ ಕಣ್ಣಾರೆ. ತಿಂಗಳಿಂದ ಈ ಎಣ್ಣೆ ಬಟ್ಟೆಗಳು ಇಲ್ಲೇ ನೇತಾಡ್ತಿವೆ. ಬುಧವಾರ ಐದಿತ್ತು, ಟವೆಲ್‌ಗೆ ಜಾಗ ಉಳಿದಿತ್ತು. ನಿನ್ನೆ ಒಗೆದು ತಂದ್ರೆ ಆರಾಗಿತ್ತು. ಟವೆಲ್‌ನ ಬೇಲಿ ಮೇಲೆ ಹಾಕಿದೆ, ಮುಳ್ಳು ಸಿಕ್ಕಿ ಹರೀತು. ಈ ಮನೆಯಲ್ಲಿ ನನ್ನ ಮಾತು ಕೇಳೋರು ಯಾರು?"

"ನಾನು ಕೇಳ್ತಿದೀನಿ," ಎಂದರು ಅತ್ತಿಗೆ, ಎಂದೂ ಇಲ್ಲದ ಮೃದುವಾದ ದನಿಯಲ್ಲಿ. "ಇನ್ನೊಂದು ಸಲ ಹೇಳು. ಬುಧವಾರ ಐದು, ಶುಕ್ರವಾರ ಆರು?"

"ಬಟ್ಟೆ ಒಗೆಯೋಳು ನಾನು. ಎಣಿಕೆ ತಪ್ಪಲ್ಲ."

ಅತ್ತಿಗೆ ಪುಟ್ಟಿಯನ್ನು ಕರೆದರು. ಎಣ್ಣೆಯ ಬಟ್ಟೆಗಳನ್ನು ಯಾಕೆ ಎಸೆಯದೆ ಇಟ್ಟಿದ್ದೀಯ ಎಂದು ಕೇಳಿದರು. ಒಂದು ಕೈಗೆ ಒಂದು ಹೊಸ ಬಟ್ಟೆ, ಗಿಟಾರ್ ಮನೆ ಬಿಡುವ ತನಕ ಎಲ್ಲವೂ ತಂತಿಯ ಮೇಲೇ ಇರುತ್ತವೆ ಎಂದಳು ಪುಟ್ಟಿ. "ಬಟ್ಟೆ ಹಲಗೆ ಥರ ಗಟ್ಟಿಯಾದ್ರೆ ಮರದ ಮೇಲಿನ ಎಣ್ಣೆನೂ ಗಟ್ಟಿಯಾಗಿದೆ ಅಂತ ಲೆಕ್ಕ. ಬುಧವಾರ ಐದನೇದು ಗಟ್ಟಿಯಾಗಿದ್ದು ನೋಡಿದೆ. ಆಮೇಲೆ ಈ ಕಡೆ ಬಂದಿಲ್ಲ."

ಐದು ಬಟ್ಟೆ ಹಲಗೆಯ ಹಾಗೇ ನಿಂತಿದ್ದವು, ನಾಲ್ಕು ಮಡಿಕೆಯ ಗುರುತು ಒಂದೊಂದರ ಮೇಲೂ ಅಚ್ಚೊತ್ತಿದ ಹಾಗೆ. ಆರನೆಯದು ಮಾತ್ರ ಮೆತ್ತಗೆ ಜೋತುಬಿದ್ದಿತ್ತು. ಅತ್ತಿಗೆ ಅದನ್ನು ಇಳಿಸಿ ಅಂಗೈ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಡುವೆ ಒಂದು ದುಂಡನೆಯ ನಯವಾದ ಜಾಗ, ಅಲ್ಲಿಂದ ಸುತ್ತಲೂ ಹೊರಟ ಸುಕ್ಕುಗಳು. ಆಮೇಲೆ ನಾದಿನಿಯ ಮೂಗಿನ ಹತ್ತಿರ ಹಿಡಿದರು.

"ಏನು ವಾಸನೆ?"

"ಏನೂ ಇಲ್ಲ. ನನ್ನ ಹೊಲಿಗೆ ಮೆಷಿನ್ನಿಗೆ ಬಿಡ್ತೀನಲ್ಲ, ಆ ಎಣ್ಣೆ ಥರ ಇದೆ. ಪುಟ್ಟಿ ಹಚ್ಚೋದಕ್ಕೆ ಬೇರೆ ವಾಸನೆ, ಮೂರು ಮನೆ ಆಚೆಗೂ ಗೊತ್ತಾಗತ್ತೆ."

"ಸೈ," ಎಂದರು ಅತ್ತಿಗೆ. "ಪುಟ್ಟಿ, ನಾಳೆ ನಾಲ್ಕು ಗಂಟೆಗೆ ಎಲ್ಲರೂ ಕಾರ್ಖಾನೆಯಲ್ಲಿರಲಿ. ಬೀಗದಕೈ ಕೊಡೋ ಮಾತು ಅಲ್ಲೀತನಕ ಬೇಡ ಅಂತ ನಿಮ್ಮಪ್ಪನಿಗೆ ನಾನು ಹೇಳ್ತೀನಿ."

ಆ ರಾತ್ರಿ ನಾದಿನಿ ಎಷ್ಟು ಕೆದಕಿದರೂ ಅತ್ತಿಗೆ ಒಂದೇ ಮಾತು ಹೇಳಿದ್ದು. "ಕಂಡುಹಿಡಿಯೋದು ಸುಲಭವಾಯ್ತು ಕಣೇ. ಹೇಳೋದು ಹೇಗೆ ಅಂತ ಯೋಚನೆ."

ಭಾನುವಾರ ನಾಲ್ಕಕ್ಕೆ ಎಲ್ಲರೂ ಕೂಡಿದರು. ಸೋದರಮಾವ ಸ್ಟೂಲಿನ ಮೇಲೆ, ಅರದಣ್ಣ ತನ್ನ ಮೇಜಿಗೆ ಒರಗಿ, ಪುಟ್ಟಿ ಕಿಟಕಿಯ ಹತ್ತಿರ ನಿಂತೇ. ಮೇಸ್ತ್ರಿ ಬೀಗದಕೈ ಗೊಂಚಲನ್ನು ಮುಂದೆ ಇಟ್ಟುಕೊಂಡಿದ್ದ. ಗಿಟಾರ್ ಮಧ್ಯದ ಮೇಜಿನ ಮೇಲೆ ಮಲಗಿತ್ತು. ನಾದಿನಿ ಬಾಗಿಲಿಗೆ ಅಡ್ಡವಾಗಿ ಕೂತಳು, ಯಾರಾದರೂ ಓಡಿದರೆ ಹಿಡಿಯಲು. ಅವಳ ಕಣ್ಣು ಸೋದರಮಾವನ ಮೇಲೇ ಇತ್ತು.

"ಎಣ್ಣೆ ಬೆವರಿದ್ದಲ್ಲ," ಎಂದು ಅತ್ತಿಗೆ ಶುರುಮಾಡಿದರು. "ಅದು ಮೊದಲನೇ ಮಾತು. ಬೆವರೋದಿದ್ರೆ ಎರಡೂ ಕಡೆ ಬೆವರಬೇಕು. ಒಂದೇ ಕೈ, ಒಂದೇ ದಿನ, ಒಂದೇ ಬಾಟಲಿ. ಬೆನ್ನು ಒಣಗಿದೆ, ಮುಖ ಮಾತ್ರ ಜಿಡ್ಡು. ಅಂದ್ರೆ ಗಿಟಾರ್ ಕೊಕ್ಕೆ ಮೇಲಿದ್ದ ಹಾಗೇ, ಎದುರಿಗೆ ಕಂಡ ಭಾಗಕ್ಕೆ ಯಾರೋ ಮತ್ತೊಂದು ಕೈ ಎಣ್ಣೆ ಹಚ್ಚಿದಾರೆ. ಅದಕ್ಕೆ ಸಾಕ್ಷಿ ನನ್ನ ನಾದಿನಿಯ ಹರಿದ ಟವೆಲ್. ಐದು ಕೈ ಎಣ್ಣೆ, ಆರು ಬಟ್ಟೆ."

ನಾದಿನಿ ನೆಟ್ಟಗೆ ಕೂತಳು.

"ಆ ಆರನೇ ಬಟ್ಟೆಯಲ್ಲಿ ಇರೋದು ಅಗಸೆ ಎಣ್ಣೆ ಅಲ್ಲ. ಅರದಣ್ಣನ ಬಾಟಲಿ ಎಣ್ಣೆ. ಅದು ಗುರುವಾರ ಒಂದು ದಿನ ಮಾತ್ರ ಆ ಕಪಾಟಲ್ಲಿತ್ತು. ಗುರುವಾರ ನಾಲ್ಕು ಗಂಟೆಗೆ ಬಾಗಿಲು ಒಳಗಿಂದ ಹಾಕಿತ್ತು."

ಎಲ್ಲರೂ ಸೋದರಮಾವನ ಕಡೆ ನೋಡಿದರು. ಅವನು ಎದ್ದು ನಿಂತ. "ನಾನು ಹೊರಗಿದ್ದೆ. ಬಾಗಿಲು ಬಡೀತಿದ್ದೆ."

"ಕೂತ್ಕೊಳಿ. ನಿಮಗೆ ಆಸೆ ಇದೆ, ಅದು ತಪ್ಪಲ್ಲ. ಆದ್ರೆ ನೀವಲ್ಲ. ಕೆಡಿಸಬೇಕು ಅಂತ ಬಂದವನು ಆ ಬಟ್ಟೆನ ಏನು ಮಾಡ್ತಾನೆ? ಜೇಬಲ್ಲಿ ಹಾಕ್ಕೊಂಡು ಹೋಗ್ತಾನೆ, ಇಲ್ಲ ನಿಮ್ಮ ಹಾಗೆ ಮುದ್ದೆ ಮಾಡಿ ಬುಟ್ಟಿಗೆ ಎಸೀತಾನೆ. ಇದನ್ನ ಹಚ್ಚಿದವರು ಬಟ್ಟೆ ಬಿಡಿಸಿ, ನಾಲ್ಕು ಅಂಚು ಎಳೆದು, ತಂತಿಗೆ ಹಾಕಿದಾರೆ. ತಮ್ಮ ವಿರುದ್ಧದ ಸಾಕ್ಷಿನ ತಾವೇ ಬಿಸಿಲಿಗೆ ಹರಡಿದಾರೆ. ಯಾಕೆ? ಎಣ್ಣೆ ಬಟ್ಟೆನ ಮುದ್ದೆಯಾಗಿ ಬಿಡೋಕೆ ಆ ಕೈಗೆ ಬರಲ್ಲ. ಐವತ್ತು ವರ್ಷದ ಅಭ್ಯಾಸ, ತಲೆನ ಕೇಳಲ್ಲ."

ಐವತ್ತು ಎಂಬ ಮಾತು ನಾದಿನಿಯ ಕಿವಿಗೆ ಆಗಷ್ಟೇ ನಾಟಿತು.

"ಅರದಣ್ಣ ತನ್ನ ಬಾಟಲಿ ತಾನೇ ತಪ್ಪು ತಿಳಿಯಲ್ಲ. ತಿಳಿದೂ ಮಾಡಿದ್ರೆ, ಬಾಟಲಿ ಇಟ್ಟಿದ್ದು ನಾನೇ ಅಂತ ಯಾರೂ ಕೇಳದೆ ತಾನಾಗೇ ಬಂದು ಹೇಳ್ತಿರಲಿಲ್ಲ. ಪುಟ್ಟಿ ಬಟ್ಟೆ ನಾಲ್ಕು ಮಡಿಕೆ ಮಾಡ್ತಾಳೆ. ಈ ಬಟ್ಟೆ ನೋಡಿ." ಅತ್ತಿಗೆ ಆರನೇ ಬಟ್ಟೆಯನ್ನು ಹರಡಿದರು. "ನಡುವೆ ದುಂಡಗೆ, ಸುತ್ತ ಸುಕ್ಕು. ಒಳಗೆ ಹತ್ತಿ ಇಟ್ಟು ಗಂಟಿನ ಹಾಗೆ ತಿರುಚಿ ಹಿಡಿದಿದ್ದು. ಅರಗಿನ ಪಾಲಿಶ್ ಕಾಲದವರು ಹಿಡಿಯೋ ರೀತಿ. ಇಲ್ಲಿ ಹಾಗೆ ಹಿಡಿಯೋದು ಒಬ್ಬರೇ."

ಮೇಸ್ತ್ರಿ ಬೀಗದಕೈ ಗೊಂಚಲನ್ನೇ ನೋಡುತ್ತಿದ್ದ. "ಹಚ್ಚಿದೆ," ಎಂದ ಕೊನೆಗೆ. "ಒಂದು ಉಸಿರಿನಷ್ಟು ತೆಳುವಾಗಿ. ಅದರಿಂದ ಏನೂ ಆಗಲ್ಲ. ಅವಳ ಕೆಳಗಿನ ಕೈ ಸರಿ ಇದ್ದಿದ್ರೆ ನನ್ನದು ಒಣಗ್ತಿತ್ತು. ಮತ್ತೆ ಬೇರೆ ಎಣ್ಣೆ ಅಂತೀರಲ್ಲ, ನಾನು ಎಣ್ಣೆ ತಪ್ಪೋನಾ?"

ಅತ್ತಿಗೆ ಎರಡು ಬಟ್ಟಲು ಮುಂದಿಟ್ಟರು. ಒಂದರಲ್ಲಿ ಅಗಸೆ ಎಣ್ಣೆ, ಇನ್ನೊಂದರಲ್ಲಿ ಅರದಣ್ಣನದು, ನೋಡಲು ಎರಡೂ ತಿಳಿ ಹಳದಿ. ಮೊದಲು ನಾದಿನಿಗೆ ಕೊಟ್ಟರು, ಆಮೇಲೆ ಸೋದರಮಾವನಿಗೆ. ವ್ಯಾಪಾರದವನೂ ಒಂದೇ ಸಲಕ್ಕೆ, ಎಡಗಡೆಯದಕ್ಕೆ ಘಾಟಿದೆ, ಬಲಗಡೆಯದಕ್ಕೆ ಏನೂ ಇಲ್ಲ ಎಂದ. ಆಮೇಲೆ ಬಟ್ಟಲುಗಳನ್ನು ಮರೆಯಲ್ಲಿ ಅದಲು ಬದಲು ಮಾಡಿ ಮೇಸ್ತ್ರಿಯ ಮುಂದಿಟ್ಟರು.

ಮೇಸ್ತ್ರಿ ಒಂದನ್ನು ಎತ್ತಿ ಮೂಗಿಗೆ ಹಿಡಿದ. ಇನ್ನೊಂದನ್ನು ಎತ್ತಿ ಹಿಡಿದ. ಮತ್ತೆ ಮೊದಲನೆಯದನ್ನು.

"ಅಪ್ಪ?" ಎಂದಳು ಪುಟ್ಟಿ ಮೆಲ್ಲಗೆ.

"ನಿನ್ನೆ ಅಂಟು ಸೀದಾಗ ನಾವೆಲ್ಲ ಮೂಗು ಮುಚ್ಕೊಂಡ್ವಿ," ಎಂದರು ಅತ್ತಿಗೆ. "ನೀವು ಪಾತ್ರೆ ಪಕ್ಕದಲ್ಲೇ ಕೂತು ಮಾತಾಡ್ತಿದ್ರಿ. ಎಷ್ಟು ದಿನ ಆಯ್ತು ಮೇಸ್ತ್ರಿಗಳೇ?"

ಮೇಸ್ತ್ರಿ ಬಟ್ಟಲು ಕೆಳಗಿಟ್ಟ. "ಚಳಿಗಾಲದಲ್ಲಿ ಜ್ವರ ಬಂತಲ್ಲ. ಅದು ಹೋಗುವಾಗ ವಾಸನೆನೂ ತಗೊಂಡು ಹೋಯ್ತು. ಇವತ್ತು ಬರತ್ತೆ ನಾಳೆ ಬರತ್ತೆ ಅಂದ್ಕೊಂಡೆ. ಯಾರಿಗೆ ಹೇಳೋದು? ಎಣ್ಣೆ ಗೊತ್ತಾಗದ ಮೇಸ್ತ್ರಿ ಅಂದ್ರೆ ಏನು ಬೆಲೆ? ಗುರುವಾರ ಕಪಾಟಿನ ಮೊದಲನೇ ಬಾಟಲಿ ತಗೊಂಡೆ. ಅಲ್ಲಿ ಯಾವಾಗಲೂ ಅಗಸೆನೇ ಇರೋದು."

"ಐದು ಕೈ ಮುಗಿದಿತ್ತಲ್ಲ ಅಪ್ಪ," ಎಂದಳು ಪುಟ್ಟಿ. "ಆರನೇದು ಯಾಕೆ? ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ?"

ಮುದುಕ ತಲೆಯೆತ್ತಿದ. ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

"ನಂಬಿಕೆ ಮಾತಲ್ಲ ಕಣೇ. ಬಿಸಿಲು ಬಿದ್ದಿತ್ತು ಅದರ ಮೇಲೆ. ನೋಡ್ದೆ. ನಾನು ಐವತ್ತು ವರ್ಷದಲ್ಲಿ ಅಂಥಾದ್ದು ಒಂದು ಮಾಡಿಲ್ಲ. ಮರ ಉಸಿರಾಡ್ತಿತ್ತು. ನನ್ನ ಕೈಯೂ ಅದರಲ್ಲಿ ಒಂದಿಷ್ಟು ಇರಲಿ ಅನ್ನಿಸ್ತು. ಚಿಲಕ ಹಾಕ್ಕೊಂಡು ಹಚ್ಚಿದೆ. ಹೊಟ್ಟೆಕಿಚ್ಚೋ, ಪ್ರೀತಿಯೋ, ನನಗೇ ಗೊತ್ತಿಲ್ಲ. ಅದು ಕೆಟ್ಟಾಗ ನನ್ನ ಕೈಯಿಂದ ಕೆಟ್ಟಿತು ಅಂತ ಒಪ್ಪೋದಕ್ಕಿಂತ ನಿನ್ನ ಮೇಲೆ ಹಾಕೋದು ಸುಲಭವಾಯ್ತು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಪುಟ್ಟಿ ಈಗ ಏನಂದರೂ ಸರಿಯೇ ಎಂದು ನಾದಿನಿಗೆ ಅನ್ನಿಸಿತು. ಎರಡು ದಿನ ಆ ಹುಡುಗಿ ತನ್ನ ಕೈಯನ್ನೇ ತಾನು ನಂಬದೆ ಕಳೆದಿದ್ದಳು. ಆದರೆ ಪುಟ್ಟಿ ಕಪಾಟಿನ ಕಡೆ ಹೋದಳು. ಟರ್ಪೆಂಟೈನ್ ಬಾಟಲಿ ತೆಗೆದು, ಬಿಳಿ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ, ನಾಲ್ಕು ಹನಿ ಬಿಟ್ಟು, ಗಿಟಾರಿನ ಮುಖದ ಒಂದು ಮೂಲೆಯನ್ನು ಮರದ ಗೆರೆಯ ಉದ್ದಕ್ಕೆ ಒರೆಸಿದಳು. ಜಿಡ್ಡು ಬಟ್ಟೆಗೆ ಬಂತು. ಮತ್ತೊಮ್ಮೆ ಒರೆಸಿ ಕೈ ತೆಗೆದಳು.

ಕೆಳಗೆ ಅವಳ ಐದು ಕೈ ಎಣ್ಣೆ ಹಾಗೇ ಇತ್ತು. ಗಟ್ಟಿಯಾಗಿ, ತಿಳಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿದ ಮರ. ಒಣಗದ ಎಣ್ಣೆಗೆ ಅದರೊಳಗೆ ಇಳಿಯಲು ಸಂದೇ ಸಿಕ್ಕಿರಲಿಲ್ಲ. ಅರದಣ್ಣ ಬಗ್ಗಿ ನೋಡಿ, "ಅಬ್ಬ, ಏನ್ ಕೆಲಸ ಕಣವ್ವ," ಎಂದ. ಸೋದರಮಾವ ಕೂಡ ಅಳತೆ ಟೇಪನ್ನು ಜೇಬಿಗೆ ಹಾಕಿಕೊಂಡು ಹತ್ತಿರ ಬಂದು ನಿಂತ. ನಾದಿನಿ ಅತ್ತಿಗೆಯ ಮುಖ ನೋಡಿದಳು. ಇಂಥ ಹೆಂಗಸಿಗೆ ತಾನು ನಾದಿನಿ ಎಂದು ಅವಳ ಎದೆ ತುಂಬಿ ಬಂತು. ಹೇಳಿದರೆ ತಲೆಗೇರೀತು ಎಂದು ಹೇಳಲಿಲ್ಲ.

ಐದು ಗಂಟೆಗೆ ಸರಿಯಾಗಿ ಕೊಳ್ಳುವ ಹೆಂಗಸು ಬಂದರು. ಪುಟ್ಟಿ ಅರ್ಧ ಮುಖ ಒರೆಸಿದ್ದಳು, ಅರ್ಧ ಬಾಕಿ ಇತ್ತು. ಬಾಗಿಲಿಗೆ ಹೋದವನು ಮೇಸ್ತ್ರಿ.

"ಬನ್ನಿ ಅಮ್ಮ. ಗಿಟಾರ್ ಇವತ್ತು ಕೊಡೋಕಾಗಲ್ಲ, ಹತ್ತು ದಿನ ಬೇಕು. ಇದಕ್ಕೆ ಈ ಮೈ ಕೊಟ್ಟವಳು ನನ್ನ ಮಗಳು. ಕೊನೇಲಿ ಬಾಟಲಿ ತಪ್ಪಿ ಕೆಡಿಸಿದವನು ನಾನು. ಸರಿ ಮಾಡ್ತಿರೋಳೂ ಅವಳೇ. ಇನ್ಮೇಲೆ ಏನಿದ್ರೂ ಅವಳನ್ನ ಕೇಳಿ, ಕಾರ್ಖಾನೆ ಅವಳದು."

ಬಂದವರು ಗಿಟಾರಿನ ಒರೆಸಿದ ಭಾಗವನ್ನು ಬೆರಳ ಹಿಂಭಾಗದಿಂದ ಸವರಿ ನೋಡಿದರು. ಹತ್ತು ದಿನವಲ್ಲ, ತಿಂಗಳಾದರೂ ಕಾಯುತ್ತೇನೆ ಎಂದ ಅವರು ಪುಟ್ಟಿಯ ಫೋನ್ ನಂಬರ್ ಬರೆದುಕೊಂಡು ಹೋದರು. ಸೋದರಮಾವನೂ, ಭಾವನಿಗೆ ಒಂದು ಒಳ್ಳೇ ಕಿವಿ ಮೂಗಿನ ಡಾಕ್ಟರು ಗೊತ್ತು, ನಾಳೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟ.

ಪುಟ್ಟಿ ಉಳಿದ ಭಾಗವನ್ನೂ ಒರೆಸಿ ಮುಗಿಸಿದಳು. ಟರ್ಪೆಂಟೈನ್ ಆರಲೆಂದು ಕಿಟಕಿ ತೆರೆದಿಟ್ಟಳು. ಅದು ಪೂರ್ತಿ ಆರಿದ ಮೇಲೆ ಒಂದು ಹೊಸ ಬಟ್ಟೆ ತೆಗೆದು, ಚೀಟಿ ಓದಿ, ಅಗಸೆ ಎಣ್ಣೆಯ ಮುಚ್ಚಳ ಬಿಚ್ಚಿದಳು. ಮೇಸ್ತ್ರಿ ತನ್ನ ಸ್ಟೂಲು ಎಳೆದುಕೊಂಡು ಬಂದು ಅವಳ ಪಕ್ಕದಲ್ಲಿ ಕೂತ.

"ಎಣ್ಣೆ ಸರಿ ಇದೆಯಾ ಅಂತ ನಾನು ಇನ್ನು ಹೇಳಲಾರೆ," ಎಂದ. "ನೀನು ಮೂಸಿ ಹೇಳು. ಹೇಗಿದೆ?"

ಪುಟ್ಟಿ ಬಾಟಲಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ಸ್ವಲ್ಪ ಹಸಿ ಘಾಟು ಇದೆ, ಅಪ್ಪ. ಅದರ ಹಿಂದೆ ಹುರಿದ ಬೀಜದ ಥರ. ಕೊನೆಗೆ ಒಣ ಹುಲ್ಲಿನ ವಾಸನೆ, ಮಧ್ಯಾಹ್ನ ಬಿಸಿಲಿಗೆ ಹಾಕಿದ ಹುಲ್ಲು."

ಮೇಸ್ತ್ರಿ ಆ ಹೊಸ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟ.

"ಹೌದು," ಎಂದ. "ಹಾಗೇ ಇರ್ತಿತ್ತು. ಹಚ್ಚು."